ಪೆನ್‌ಡ್ರೈವ್‌ಗೆ ಕಣ್ಣಿಲ್ಲ

(ಭರತನಾಟ್ಯ ಕಲಿಯುತ್ತಿರುವವರು ಮತ್ತು ಅವರ ತಂದೆತಾಯಿಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಯಕ್ಷಗಾನ ಮೇಳವೊಂದು ನಿಮ್ಮೂರಿಗೆ ಬಂದಿದೆ ಅಂದುಕೊಳ್ಳಿ. ಚೌಕಿಯಲ್ಲಿ ಬಣ್ಣ ಹಚ್ಚಿ ಆಗಿದೆ. ಜನ ಬಂದು ಕೂತಿದ್ದಾರೆ. ರಂಗದ ಮೇಲೆ ನೋಡಿದರೆ ಭಾಗವತರಿಲ್ಲ, ಮದ್ದಳೆ ಇಲ್ಲ, ಚೆಂಡೆ ಇಲ್ಲ. ಹುಡುಗನೊಬ್ಬ ಬಂದು ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿ ಪದ್ಯ ಹಾಕುತ್ತಾನೆ. ವೇಷಧಾರಿ ಅದಕ್ಕೆ ಕುಣಿಯಬೇಕು. ಏನಾಗಬಹುದು ಹೇಳಿ? ಕುಂದಾಪುರದಲ್ಲೋ ಪುತ್ತೂರಿನಲ್ಲೋ ಆದರೆ ಗಲಾಟೆಯೇ ಆದೀತು. ನಮ್ಮ ಭರತನಾಟ್ಯದಲ್ಲಿ ಇದು ದಿನಾ ನಡೆಯುವ ಸಂಗತಿ. ಯಾರೂ ಎದ್ದು ಹೋಗುವುದಿಲ್ಲ. ಚಪ್ಪಾಳೆ ತಟ್ಟಿ, ಮಗು ಚೆನ್ನಾಗಿ ಮಾಡಿತು ಅಂತ ಹೇಳಿ ಮನೆಗೆ ಹೋಗುತ್ತೇವೆ.

ಅವರು ಒಪ್ಪದ್ದನ್ನು ನಾವು ಹೇಗೆ ಒಪ್ಪಿಕೊಂಡೆವು? ಒಬ್ಬರೇ ನಿಂತು ಮಾಡುವ ನೃತ್ಯದಲ್ಲಿ ಪಕ್ಕದಲ್ಲಿ ಕೂತ ನಾಲ್ಕೈದು ಜನ ನಿಜವಾಗಿ ಮಾಡುವ ಕೆಲಸ ಏನು? ಇವತ್ತು ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತೇನೆ.

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಯಕ್ಷಗಾನದಲ್ಲಿ ಹಿಮ್ಮೇಳದವರು ಮೇಳದ ಜನ. ತಿರುಗಾಟದ ಕಾಲ ಪೂರ್ತಿ ವೇಷಧಾರಿಗಳ ಜೊತೆಗೇ ಊರೂರು ಸುತ್ತುತ್ತಾರೆ, ಸಂಬಳ ಮೇಳದಿಂದ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ. ಪ್ರತಿ ಕಾರ್ಯಕ್ರಮಕ್ಕೂ ಕಲಾವಿದೆ ಹೊಸದಾಗಿ ಫೋನ್ ಹಿಡಿದು ಕೂರಬೇಕು. ಹಾಡುಗಾರರ ತಾರೀಕು ಸಿಕ್ಕರೆ ಮೃದಂಗದವರದ್ದು ಸಿಗುವುದಿಲ್ಲ. ಇಬ್ಬರದ್ದೂ ಸಿಕ್ಕರೆ ಕೊಳಲಿನವರು ಚೆನ್ನೈನಲ್ಲಿರುತ್ತಾರೆ. ಸಂಘಟಕರು ಕೊಡುವ ಗೌರವಧನ ಎಷ್ಟೋ ಸಲ ಈ ಖರ್ಚಿಗೇ ಸಾಲುವುದಿಲ್ಲ. ‘ವೇದಿಕೆ ಕೊಡ್ತೇವಲ್ಲ’ ಅನ್ನುವ ಮಾತು ಕೇಳದ ಕಲಾವಿದೆ ಈ ಊರಲ್ಲಿ ಇರಲಿಕ್ಕಿಲ್ಲ. ಹಾಗಾಗಿ ರೆಕಾರ್ಡಿಂಗ್ ಹಾಕಿ ಮಾಡುವವರನ್ನು ನಾನು ಬೈಯುವುದಿಲ್ಲ. ಆದರೆ ದುಡ್ಡಿಲ್ಲದೆ ಮಾಡಿಕೊಂಡ ಏರ್ಪಾಡನ್ನು ನಾವು ನಿಧಾನವಾಗಿ ಪದ್ಧತಿ ಅಂತ ಕರೆಯುತ್ತಿದ್ದೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಮೊದಲು ನಮಗೂ ಮೇಳ ಇತ್ತು. ತಮಿಳುನಾಡಿನಲ್ಲಿ ನಾಗಸ್ವರದ ತಂಡಕ್ಕೆ ಪೆರಿಯ ಮೇಳ ಅಂತಲೂ ನೃತ್ಯದ ತಂಡಕ್ಕೆ ಚಿನ್ನ ಮೇಳ ಅಂತಲೂ ಹೆಸರಿತ್ತು. ಹಾಡುವವರು, ಮೃದಂಗ, ಕೈತಾಳ ಹಿಡಿದ ನಟ್ಟುವನಾರ್, ಜೊತೆಗೆ ಮುಖವೀಣೆ ಅನ್ನುವ ಊದುವ ಸಣ್ಣ ವಾದ್ಯ. ಶ್ರುತಿಗೆ ಗಾಳಿ ತುಂಬಿದ ಚರ್ಮದ ಚೀಲ. ಮುಂದೆ ಮುಖವೀಣೆಯ ಜಾಗಕ್ಕೆ ಕ್ಲಾರಿಯೋನೆಟ್ ಬಂತು. ಇವರೆಲ್ಲ ಕೂರುತ್ತಿರಲಿಲ್ಲ. ನರ್ತಕಿಯ ಬೆನ್ನ ಹಿಂದೆ ನಿಂತಿರುತ್ತಿದ್ದರು. ಅವಳು ಮುಂದೆ ಬಂದರೆ ಅವರೂ ಮುಂದೆ, ಅವಳು ಹಿಂದೆ ಸರಿದರೆ ಅವರೂ ಹಿಂದೆ. ವಾದ್ಯದವರನ್ನು ವೇದಿಕೆಯ ಒಂದು ಬದಿಗೆ ಕೂರಿಸಿದ್ದು ರುಕ್ಮಿಣೀದೇವಿ ಅರುಂಡೇಲ್. ಅವರು 1935ರಲ್ಲಿ ಮೊದಲ ಸಲ ಸಾರ್ವಜನಿಕವಾಗಿ ಭರತನಾಟ್ಯ ಮಾಡಿದರು, ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯಿತು. ಈಗ ನಾವು ನೋಡುವ ವೇದಿಕೆಯ ಚಿತ್ರ ಬಹುಪಾಲು ಆ ಕಾಲದ್ದು. ಅದನ್ನೇ ಸಾವಿರಾರು ವರ್ಷದಿಂದ ಬಂದದ್ದು ಅಂತ ನಿರೂಪಣೆಯಲ್ಲಿ ಹೇಳುವವರು ಸ್ವಲ್ಪ ತಡೆದು ಹೇಳಿದರೆ ಒಳ್ಳೆಯದು.

ಬೆನ್ನ ಹಿಂದೆ ನಿಂತವರಿಗೆ ನರ್ತಕಿಯ ಮುಖ ಕಾಣುತ್ತಿರಲಿಲ್ಲ. ಆದರೂ ಅವಳು ಯಾವಾಗ ಸಾಲು ಬಿಡುತ್ತಾಳೆ, ಯಾವಾಗ ಹಿಡಿಯುತ್ತಾಳೆ ಅಂತ ಅವರಿಗೆ ತಿಳಿಯುತ್ತಿತ್ತು. ಭುಜ ನೋಡಿದರೆ ಸಾಕಾಗುತ್ತಿತ್ತು ಅಂತ ಕಾಣುತ್ತದೆ. ಅವಳಿಗೆ ಪಾಠ ಹೇಳಿಕೊಟ್ಟವರೇ ತಾಳ ಹಿಡಿದಿದ್ದರು. ಹಾಡುತ್ತಿದ್ದವರು ಎಷ್ಟೋ ಸಲ ಅವಳ ಅಮ್ಮನೋ ದೊಡ್ಡಮ್ಮನೋ ಆಗಿರುತ್ತಿದ್ದರು.

ಭರತನಾಟ್ಯದ ದೊಡ್ಡ ಕಲಾವಿದೆ ಬಾಲಸರಸ್ವತಿಯವರ ಮನೆಯನ್ನೇ ನೋಡಿ. ಅಜ್ಜಿ ವೀಣಾ ಧನಮ್ಮಾಳ್. ತಾಯಿ ಜಯಮ್ಮಾಳ್ ಮಗಳ ನೃತ್ಯಕ್ಕೆ ಹಾಡುತ್ತಿದ್ದರು. ತಮ್ಮಂದಿರಲ್ಲಿ ರಂಗನಾಥನ್ ಮೃದಂಗ, ವಿಶ್ವನಾಥನ್ ಕೊಳಲು. ಗುರು ಕಂದಪ್ಪ ಪಿಳ್ಳೈ ತಂಜಾವೂರು ಸಹೋದರರ ವಂಶದವರು. ಆ ನಾಲ್ವರು ಸಹೋದರರು, ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, 19ನೇ ಶತಮಾನದಲ್ಲಿ ನೃತ್ಯ ಕಾರ್ಯಕ್ರಮಕ್ಕೆ ಈಗಿನ ಕ್ರಮ ಕೊಟ್ಟವರು. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಅಂತ ನೀವೆಲ್ಲ ಬಾಯಿಪಾಠ ಮಾಡಿದ್ದೀರಲ್ಲ, ಆ ಕ್ರಮ. ಅವರಲ್ಲಿ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದರು. ಅವರೆಲ್ಲ ಹಾಡು ಕಟ್ಟುತ್ತಿದ್ದರು, ನೃತ್ಯ ಕಲಿಸುತ್ತಿದ್ದರು, ತಾಳವನ್ನೂ ಹಿಡಿಯುತ್ತಿದ್ದರು. ಒಂದೇ ತಲೆಯಲ್ಲಿ ಮೂರೂ ಇತ್ತು.

1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಮದ್ರಾಸಿನಲ್ಲಿ 1947ರಲ್ಲಿ ಕಾನೂನು ಬಂತು. ಅದರ ಸರಿತಪ್ಪು ಚರ್ಚೆ ಇವತ್ತು ಬೇಡ, ಅದಕ್ಕೆ ಬೇರೆಯೇ ಒಂದು ದಿನ ಬೇಕು. ನಮ್ಮ ವಿಷಯಕ್ಕೆ ಬೇಕಾದ್ದು ಇಷ್ಟು: ನೃತ್ಯ ದೇವದಾಸಿಯರ ಮನೆಗಳಿಂದ ಶಾಲೆಗಳಿಗೆ ಬಂತು, ಹಿಮ್ಮೇಳ ಬರಲಿಲ್ಲ. ಮಗು ನೃತ್ಯವನ್ನು ಒಂದು ಕಡೆ ಕಲಿಯುತ್ತದೆ. ಸಂಗೀತ ಕಲಿತರೆ ಇನ್ನೊಂದು ಕಡೆ. ಮೃದಂಗದವರನ್ನು ನೋಡುವುದೇ ರಂಗಪ್ರವೇಶದ ತಿಂಗಳಲ್ಲಿ. ಇಂಥ ಹೊತ್ತಲ್ಲಿ ಕ್ಯಾಸೆಟ್ ಬಂತು, ಆಮೇಲೆ ಸಿಡಿ, ಈಗ ಪೆನ್‌ಡ್ರೈವ್. ಕ್ಲಾಸಿನಲ್ಲಿ ಅಭ್ಯಾಸಕ್ಕೆ ಅಂತ ಬಂದದ್ದು ಹಾಗೇ ವೇದಿಕೆ ಹತ್ತಿತು.

ಹತ್ತಿದರೆ ಏನು ನಷ್ಟ? ‘ರೆಕಾರ್ಡಿಂಗಿನಲ್ಲಿ ಹಾಡಿದವರು ದೊಡ್ಡ ವಿದುಷಿ, ನಮ್ಮ ಬಜೆಟ್ಟಿಗೆ ಸಿಗುವವರಿಗಿಂತ ಚೆನ್ನಾಗಿಯೇ ಹಾಡಿದ್ದಾರೆ’ ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ನಿಜವೇ. ಆದರೆ ಆ ವಿದುಷಿ ನಿಮ್ಮ ಮಗಳನ್ನು ನೋಡುತ್ತಿಲ್ಲ.

ಒಂದು ಹಾಡು ತೆಗೆದುಕೊಳ್ಳೋಣ. ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’. ಯಮುನಾ ಕಲ್ಯಾಣಿ ರಾಗ, ಮಿಶ್ರಚಾಪು ತಾಳ. ಮೂರು, ನಾಲ್ಕು ಸೇರಿ ಏಳರ ನಡೆ. ಸತ್ಯಜಿತ್ ರಾಯ್ 1976ರಲ್ಲಿ ಬಾಲಸರಸ್ವತಿಯವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ, ಕಡಲ ದಡದಲ್ಲಿ ಅವರು ಅಭಿನಯಿಸಿದ್ದು ಈ ಹಾಡಿಗೇ. ಕನ್ನಡ ಮನೆಮಾತಲ್ಲದವರು ಒಂದು ಕನ್ನಡ ಹಾಡನ್ನು ಅಷ್ಟು ತಮ್ಮದು ಮಾಡಿಕೊಂಡಿದ್ದರು.

ಪಲ್ಲವಿಯಲ್ಲಿ ತಾಯಿ ಮಗನನ್ನು ಕರೆಯುತ್ತಿದ್ದಾಳೆ, ಅಷ್ಟೇ. ಹಾಡುವವರು ಆ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ಮೊದಲ ಸಲ ಮುದ್ದಿನಿಂದ ಕರೆದದ್ದು. ಅವನು ಬರಲಿಲ್ಲ. ಎರಡನೇ ಸಲ ಹುಸಿಮುನಿಸು. ಮೂರನೇ ಸಲ ಬೆಣ್ಣೆಯ ಆಸೆ ತೋರಿಸುತ್ತಾಳೆ. ಆಮೇಲೆ ಓಡಿಹೋದ ಮಗು ಎಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಿತೋ ಅಂತ ಸಣ್ಣ ಗಾಬರಿ. ಮುಖದ ಮೇಲೆ ಹುಸಿಮುನಿಸು ಮೂಡಿದ್ದನ್ನು ಹಾಡುವವರು ಕಂಡರೆ ‘ಬಾರೋ’ವನ್ನು ಸ್ವಲ್ಪ ಬಿಗಿಯಾಗಿ ಹಾಡುತ್ತಾರೆ. ಗಾಬರಿ ಕಂಡರೆ ದನಿ ಇಳಿಸಿ ಸಂಗತಿ, ಅಂದರೆ ಆ ಸಾಲನ್ನು ಹಾಡುವ ಬಗೆ, ಬದಲಿಸುತ್ತಾರೆ. ಆ ಬದಲಾದ ಸಂಗತಿ ಕಿವಿಗೆ ಬಿದ್ದು ನರ್ತಕಿಗೆ ಇನ್ನೊಂದು ಭಾವ ಹೊಳೆಯುತ್ತದೆ. ಹೀಗೆ ಕೊಡುವುದು, ತೆಗೆದುಕೊಳ್ಳುವುದು ನಡೆಯುತ್ತದೆ.

ರೆಕಾರ್ಡಿಂಗಿನಲ್ಲಿ ಆ ಸಾಲು ನಾಲ್ಕು ಸಲ ಇದೆ ಅಂದುಕೊಳ್ಳಿ. ನಾಲ್ಕೇ ಸಲ. ನೀವು ಅಭಿನಯಿಸುವ ತಾಯಿ ಇನ್ನೂ ಮಗುವನ್ನು ಹುಡುಕುತ್ತಿದ್ದರೂ ಹಾಡು ಚರಣಕ್ಕೆ ಹೋಗಿರುತ್ತದೆ. ಒಳ್ಳೆಯ ಪಂಕ್ತಿಯಲ್ಲಿ ಬಡಿಸುವವರು ಎಲೆ ನೋಡಿ ಬಡಿಸುತ್ತಾರೆ. ಎಲೆ ನೋಡದೆ ಲೆಕ್ಕ ಹಿಡಿದು ಬಡಿಸಿದರೆ ಒಬ್ಬರಿಗೆ ಅರೆಹೊಟ್ಟೆ, ಇನ್ನೊಬ್ಬರ ಎಲೆಯಲ್ಲಿ ಅನ್ನ ದಂಡ. ಒಂದು ಸಾಲಿನ ಅರ್ಥವನ್ನು ಅಭಿನಯದಲ್ಲಿ ಕತೆಯಾಗಿ ಬೆಳೆಸುವುದಕ್ಕೆ ಸಂಚಾರಿ ಅನ್ನುತ್ತೇವೆ. ರೆಕಾರ್ಡಿಂಗಿಗೆ ಮಾಡುವ ಸಂಚಾರಿಯಲ್ಲಿ ಈ ಎರಡೂ ಕಾಣುತ್ತವೆ. ಸಮಯ ಸಾಲದೆ ಓಡುವುದು, ಇಲ್ಲವೇ ಸಮಯ ಉಳಿದು ಸುಮ್ನೆ ಕಣ್ಣು ತಿರುಗಿಸುವುದು.

ಸಂಚಾರಿ ಮುಗಿಯಿತು ಅಂತ ಹಾಡುವವರಿಗೆ ಗೊತ್ತಾಗುವುದು ಹೇಗೆ? ಚಿಕ್ಕವರು ಇದನ್ನು ಆಗಾಗ ಕೇಳುತ್ತಾರೆ. ಕತೆ ಬಿಟ್ಟು ನರ್ತಕಿ ಮತ್ತೆ ಸಾಲಿನ ಪದಗಳಿಗೆ ಹಸ್ತ ಹಿಡಿಯುತ್ತಾಳೆ. ಗಜೇಂದ್ರನ ಕತೆ ಹೇಳುತ್ತಿದ್ದವಳು ‘ಸ್ವಾಮಿ’ ಎಂಬ ಮಾತಿಗೆ ಕೈ ಮುಗಿದು, ಸಾಲಿನ ಮುಂದಿನ ಪದಕ್ಕೆ ಬಂದಳು ಅಂದರೆ ಮನೆಗೆ ವಾಪಸ್ ಬರುತ್ತಿದ್ದಾಳೆ ಅಂತ ಅರ್ಥ. ನಟ್ಟುವಾಂಗ ಮಾಡುವವರು, ಅಂದರೆ ತಾಳ ಹಿಡಿದು ನೃತ್ಯ ನಡೆಸುವವರು, ಅಷ್ಟರಲ್ಲಿ ಕೈತಾಳ ಗಟ್ಟಿಯಾಗಿ ಹಿಡಿದಿರುತ್ತಾರೆ. ಮೃದಂಗದವರು ನುಡಿಸಾಣಿಕೆ ತುಂಬಿಸಿಕೊಂಡು ಬರುತ್ತಾರೆ. ಸಾಲು ಮುಗಿಯುತ್ತಿದ್ದಂತೆ ಜತಿ, ಅಂದರೆ ಬಾಯಲ್ಲಿ ಹೇಳುವ ಸೊಲ್ಲುಗಳಿಗೆ ಕಾಲು ಹಾಕುವ ಭಾಗ, ಶುರು. ಸಭಿಕರಿಗೆ ಇದೆಲ್ಲ ತಾನಾಗಿಯೇ ಆದಂತೆ ಕಾಣುತ್ತದೆ. ಆದರೆ ಆ ಕೆಲವು ಕ್ಷಣದಲ್ಲಿ ನಾಲ್ಕು ಜೊತೆ ಕಣ್ಣು ಒಂದೇ ಕಡೆ ನೋಡಿರುತ್ತವೆ.

ಜತಿಗಳಲ್ಲಿ ಲೆಕ್ಕ ಪಕ್ಕಾ ಇರುತ್ತದಲ್ಲ, ಅಲ್ಲಿ ರೆಕಾರ್ಡಿಂಗ್ ಆದರೇನು ಅಂತ ಕೇಳಬಹುದು. ಲೆಕ್ಕ ನೋಡೋಣ. ಆದಿತಾಳದ ಒಂದು ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, 8 ಅಕ್ಷರ. ಅಕ್ಷರಕ್ಕೆ 4 ಮಾತ್ರೆಯಂತೆ 32. ಅರ್ಧ ಆವರ್ತನಕ್ಕೆ 16. ‘ತದಿಂಗಿಣತೊಂ’ ಅಂದರೆ 5 ಮಾತ್ರೆ, ಮೂರು ಸಲ ಹೇಳಿದರೆ 15. ಹಾಗಾಗಿ ಅರ್ಧ ಆವರ್ತನ ಕಳೆದ ಮೇಲೆ ಒಂದು ಮಾತ್ರೆ ತಡೆದು ಹಿಡಿದರೆ ಸರಿಯಾಗಿ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳುತ್ತದೆ. ಆ ಒಂದು ಮಾತ್ರೆ ಇದೆಯಲ್ಲ, ಅದು ಖಾಲಿ. ಅಲ್ಲಿ ನರ್ತಕಿ ಉಸಿರು ತೆಗೆದುಕೊಳ್ಳುತ್ತಾಳೆ. ಮೂವತ್ತು ನಲವತ್ತು ನಿಮಿಷದ ವರ್ಣದಲ್ಲಿ ಕೊನೆಯ ಜತಿಗೆ ಬರುವಾಗ ಕಾಲು ಭಾರವಾಗಿರುತ್ತದೆ. ನಟ್ಟುವಾಂಗ ಬಲ್ಲವರು ಮಂಡಿ ಬಾಗಿಸಿ ನಿಂತ ಅರೆಮಂಡಿ ನೋಡಿಯೇ ಅದನ್ನು ಹೇಳುತ್ತಾರೆ. ಕಾಲಪ್ರಮಾಣ ಕೆಡಿಸದೆ ಒಂದು ಎಳೆಯಷ್ಟು ಆರಾಮ ಕೊಡುತ್ತಾರೆ. ಕೆಲವು ಸಲ ಉಲ್ಟಾ. ಅವಳು ಸೋಲುತ್ತಿದ್ದಾಳೆ ಅನ್ನಿಸಿದಾಗ ದನಿ ಏರಿಸಿ ಎಬ್ಬಿಸುತ್ತಾರೆ. ಈ ಎರಡರಲ್ಲಿ ಯಾವುದು ಬೇಕು ಅಂತ ಆ ಹೊತ್ತಲ್ಲೇ ತೀರ್ಮಾನ ಆಗಬೇಕು, ಮೊದಲೇ ಬರೆದಿಡಲು ಬರುವುದಿಲ್ಲ.

ಕಥಕ್‌ನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಅಲ್ಲಿ ನರ್ತಕ ಬೋಲ್ ಬಾಯಲ್ಲಿ ಹೇಳಿ, ತಬಲದವರ ಕಡೆ ತಿರುಗಿ, ಆಮೇಲೆ ಕಾಲಲ್ಲಿ ತೋರಿಸುತ್ತಾನೆ. ಇಬ್ಬರ ನಡುವಿನ ಸವಾಲು ಜವಾಬು ಸಭೆಗೆ ಕಾಣುವಂತೆಯೇ ನಡೆಯುತ್ತದೆ. ನಮ್ಮಲ್ಲಿ ಆ ಮಾತುಕತೆ ಸ್ವಲ್ಪ ಮರೆಯಲ್ಲಿರುತ್ತದೆ.

ಹಾಗಂತ ಲೈವ್ ಅಂದ ಕೂಡಲೇ ಎಲ್ಲ ಚೆನ್ನಾಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಕೆಟ್ಟ ಲೈವ್ ಕೂಡ ಬೇಕಾದಷ್ಟು ಇದೆ. ಹಾಡುವವರು ಟ್ಯಾಬ್ ಮುಂದಿಟ್ಟುಕೊಂಡು ಸಾಹಿತ್ಯ ಓದುತ್ತಾ ತಲೆ ಎತ್ತುವುದೇ ಇಲ್ಲ. ನೋಡದೆ ಹಾಡಿದ ಮೇಲೆ ಅವರಿಗೂ ಪೆನ್‌ಡ್ರೈವ್‌ಗೂ ಏನು ವ್ಯತ್ಯಾಸ? ಊಟದ ಖರ್ಚು ಜಾಸ್ತಿ, ಅಷ್ಟೇ. ಮೃದಂಗದವರು ಹುರುಪಿನಲ್ಲಿ ವೇಗ ಏರಿಸಿಬಿಡುತ್ತಾರೆ, ತಿಲ್ಲಾನಕ್ಕೆ ಬರುವಷ್ಟರಲ್ಲಿ ಅದು ಓಟದ ಪಂದ್ಯ. ನಟ್ಟುವಾಂಗದ ಮೈಕ್ ಎಷ್ಟು ಜೋರಾಗಿರುತ್ತದೆ ಅಂದರೆ ಪದದ ಸಾಹಿತ್ಯ ಕೈತಾಳದ ಸದ್ದಿನಲ್ಲಿ ಮುಳುಗಿ ಹೋಗಿರುತ್ತದೆ. ನರ್ತಕಿಯ ಕಡೆ ತಿರುಗಿಸಿಡಬೇಕಾದ ಮಾನಿಟರ್ ಸ್ಪೀಕರನ್ನು ಯಾರೋ ಹೂವಿನ ಅಲಂಕಾರಕ್ಕೆ ಅಡ್ಡ ಅಂತ ಪಕ್ಕಕ್ಕೆ ಸರಿಸಿರುತ್ತಾರೆ. ಅವಳಿಗೆ ಸಭೆಯ ಕಡೆಯಿಂದ ತಡವಾಗಿ ಬರುವ ಮಾರ್ದನಿ ಮಾತ್ರ ಕೇಳುತ್ತದೆ, ಆಮೇಲೆ ತಾಳ ತಪ್ಪಿತು ಅಂತ ಅವಳ ಮೇಲೆ ದೂರು.

ರಿದಂ ಪ್ಯಾಡ್ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಕೆಲವರಿಗೆ ಬೇಸರ ಆಗಬಹುದು. ಶಿವ ಮೂರನೇ ಕಣ್ಣು ತೆರೆದರೆ ಗುಡುಗು, ಕೃಷ್ಣ ಕಲ್ಲು ಹೊಡೆದರೆ ಮಡಕೆ ಒಡೆದ ಸದ್ದು, ನಾಗರಹಾವಿಗೆ ಬುಸ್. ಸಮೂಹ ನೃತ್ಯರೂಪಕದಲ್ಲಿ ಇರಲಿ. ಏಕವ್ಯಕ್ತಿ ಅಭಿನಯದಲ್ಲಿ ಮಡಕೆ ಒಡೆದದ್ದು ಗೋಪಿಯ ಮುಖದಲ್ಲಿ ಗೊತ್ತಾಗಬೇಕು. ಸದ್ದು ಹಾಕಿಬಿಟ್ಟರೆ ನೋಡುವವರು ಮುಖ ಬಿಟ್ಟು ಪ್ಯಾಡ್ ಕಡೆ ತಿರುಗುತ್ತಾರೆ.

ಈಗ ಕಲಾವಿದೆಯ ಕಡೆಗೆ ಬರೋಣ. ಹಿಮ್ಮೇಳದವರು ನೋಡಬೇಕು, ಸರಿ. ನರ್ತಕಿ ಕೇಳಬೇಕಲ್ಲ. ನೃತ್ಯಶಾಸ್ತ್ರದ ಗ್ರಂಥ ಅಭಿನಯದರ್ಪಣದ ಒಂದು ಶ್ಲೋಕವನ್ನು ನೀವೆಲ್ಲ ಮೊದಲ ವರ್ಷದಲ್ಲೇ ಕಲಿತಿದ್ದೀರಿ. ಕೈ ಹೋದಲ್ಲಿ ಕಣ್ಣು, ಕಣ್ಣು ಹೋದಲ್ಲಿ ಮನಸ್ಸು ಅನ್ನುವುದು. ಅದರ ಜೊತೆಗೇ ಇನ್ನೊಂದಿದೆ. ಹಾಡು ಗಂಟಲಲ್ಲಿ ಇರಬೇಕು, ಅರ್ಥ ಕೈಯಲ್ಲಿ, ಭಾವ ಕಣ್ಣಲ್ಲಿ, ತಾಳ ಕಾಲಲ್ಲಿ. ಪಟ್ಟಿಯಲ್ಲಿ ಮೊದಲು ಇರುವುದೇ ಗಂಟಲು. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ಅದನ್ನು ಹೇಳುತ್ತೇವೆ, ಆಮೇಲೆ ಗಂಟಲಿಗೆ ಕೆಲಸವೇ ಕೊಡುವುದಿಲ್ಲ.

ಮೈಸೂರಿನ ಪರಂಪರೆಯಲ್ಲಿ ಹಾಗಿರಲಿಲ್ಲ. ಜಟ್ಟಿ ತಾಯಮ್ಮನವರು ಅರಮನೆಯ ಕಲಾವಿದೆ, ಅಭಿನಯಕ್ಕೆ ದೊಡ್ಡ ಹೆಸರು. ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ. ಕಡೂರಿನ ಕಡೆಯ ಲಂಬಾಣಿ ಕುಟುಂಬದಲ್ಲಿ 1906ರಲ್ಲಿ ಹುಟ್ಟಿದವರು, ಎಂಟನೇ ವಯಸ್ಸಿಗೇ ತಾಯಮ್ಮನವರ ಹತ್ತಿರ ಕಲಿಯಲು ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆಸ್ಥಾನ ನರ್ತಕಿಯಾದರು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲೂ ಕಲಿಸಿದರು. 1992ರಲ್ಲಿ ಪದ್ಮಭೂಷಣ ಬಂತು. ಜಾವಳಿ, ಪದ, ಅಮರುಕನ ಶ್ಲೋಕ, ಅಷ್ಟಪದಿ, ಇವೆಲ್ಲ ಆ ಪರಂಪರೆಯ ಆಸ್ತಿ. ಇದನ್ನು ಕಲಿಸುತ್ತಿದ್ದದ್ದು ಹಾಡಿಕೊಂಡೇ. ಕೂತು, ತಾವೇ ಹಾಡಿಕೊಳ್ಳುತ್ತಾ, ಬರೀ ಮುಖ ಮತ್ತು ಕೈಯಲ್ಲಿ ಒಂದು ಜಾವಳಿಯನ್ನು ಬಿಡಿಸುವ ಆ ರೀತಿ ಈಗ ಬಹಳ ಅಪರೂಪ.

ಬಾಲಸರಸ್ವತಿಯವರೂ ಪದಗಳನ್ನು ತಾವೇ ಹಾಡಿಕೊಂಡು ಅಭಿನಯಿಸುತ್ತಿದ್ದರು. 1973ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಹಾಡುಗಾರರಿಗೆ, ವಾದ್ಯದವರಿಗೆ ಕೊಡುವ ಬಿರುದು ಅದು. ನರ್ತಕಿಗೆ ಕೊಟ್ಟರು. ಅವರ ನೃತ್ಯ ಸಂಗೀತವೇ ಆಗಿತ್ತು ಅಂತ ಸಂಗೀತದವರೇ ಒಪ್ಪಿದ ಹಾಗಾಯಿತು ಅಲ್ವಾ?

ನಿಮ್ಮ ಮಕ್ಕಳೆಲ್ಲ ಕಚೇರಿ ಮಾಡುವ ಹಾಗೆ ಹಾಡಬೇಕಿಲ್ಲ. ಆದರೆ ತಾನು ಮಾಡುವ ವರ್ಣವನ್ನು, ತಾಳ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಶ್ರುತಿ ಪೆಟ್ಟಿಗೆಯ ಜೊತೆ ಹಾಡಲು ಬರಬೇಕು. ದನಿ ಹೇಗಿದ್ದರೂ ಪರವಾಗಿಲ್ಲ. ಹಾಡಲು ಬಂದರೆ ಹಾಡುವವರು ಸಂಗತಿ ಬದಲಿಸಿದ್ದು ಗೊತ್ತಾಗುತ್ತದೆ. ಬರದಿದ್ದರೆ ಲೈವ್ ಇದ್ದೂ ಪ್ರಯೋಜನ ಇಲ್ಲ. ಎಷ್ಟೋ ರಂಗಪ್ರವೇಶಗಳಲ್ಲಿ ಹೀಗೇ ಆಗುತ್ತದೆ. ಒಳ್ಳೊಳ್ಳೆ ವಿದ್ವಾಂಸರನ್ನು ಕರೆಸಿರುತ್ತಾರೆ, ಮಗು ವರ್ಷಗಟ್ಟಲೆ ಒಂದೇ ರೆಕಾರ್ಡಿಂಗಿಗೆ ಮಾಡಿ ಮಾಡಿ ಅದನ್ನೇ ತಲೆಯಲ್ಲಿ ಹಾಕಿಕೊಂಡಿರುತ್ತದೆ. ಪಕ್ಕದಲ್ಲಿ ವಿದ್ವಾಂಸರು ಏನೋ ಹೊಸದು ಹಾಡಿದರೆ ಮಗುವಿಗೆ ಗಾಬರಿ. ಆಗ ಗುರುಗಳು ಬಂದು, ‘ಸಾರ್, ದಯವಿಟ್ಟು ಸಿಡಿಯಲ್ಲಿ ಇರೋ ಹಾಗೇ ಹಾಡಿಬಿಡಿ’ ಅಂತಾರೆ. ಸಿಡಿಯ ಹಾಗೆ ಹಾಡಲು ವಿದ್ವಾಂಸರನ್ನು ಕರೆಸಬೇಕಿತ್ತಾ?

ಖರ್ಚಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇಲ್ಲಿ ಕೂತಿರುವ ತಂದೆತಾಯಿಯರ ಮನಸ್ಸಿನಲ್ಲಿ ಅದೇ ಓಡುತ್ತಿದೆ. ಹಿಮ್ಮೇಳ ಅಂದರೆ ಏಳೆಂಟು ಜನ ಇರಲೇಬೇಕು ಅಂತ ಯಾರು ಹೇಳಿದರು? ಹಾಡು, ನಟ್ಟುವಾಂಗ, ಮೃದಂಗ. ಮೂರು ಜನ ಸಾಕು. ಪಿಟೀಲೋ ಕೊಳಲೋ ವೀಣೆಯೋ ಒಂದು ಸೇರಿದರೆ ಹಾಡುವವರಿಗೆ ಉಸಿರಾಡಲು ಬಿಡುವು ಸಿಗುತ್ತದೆ, ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚಿನದೆಲ್ಲ ಅನುಕೂಲ ಇದ್ದವರಿಗೆ. ಇನ್ನೂ ಚಿಕ್ಕದು ಬೇಕೆಂದರೆ, ಒಂದು ಸಂಜೆ, ಒಂದು ಮನೆಯ ಹಜಾರ, ಒಬ್ಬರೇ ಹಾಡುಗಾರರು, ತಂಬೂರಿ, ನಾಲ್ಕು ಪದ ಎರಡು ಜಾವಳಿ. ಜಗಮಗಿಸುವ ದೀಪ ಬೇಡ, ಫ್ಲೆಕ್ಸ್ ಬೇಡ. ಸಭಾಂಗಣದ ಬಾಡಿಗೆ, ವಿಡಿಯೋ, ಊಟದ ಕೇಟರಿಂಗ್, ಆಹ್ವಾನ ಪತ್ರಿಕೆ ಇಷ್ಟಕ್ಕೆ ಖರ್ಚು ಮಾಡಿ, ಕೊನೆಗೆ ಮೃದಂಗದವರ ಹತ್ತಿರ ಚೌಕಾಸಿ ಮಾಡುವುದನ್ನು ನಾನು ನೋಡಿದ್ದೇನೆ. ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆದು ನೋಡಿ. ಮೊದಲು ಹಿಮ್ಮೇಳ, ಉಳಿದ ದುಡ್ಡಲ್ಲಿ ಮಿಕ್ಕಿದ್ದು.

ಸಂಘಟಕರಿಗೂ ಒಂದು ಸಲಹೆ. ಒಂದೇ ಸಂಜೆ ಮೂರು ಏಕವ್ಯಕ್ತಿ ಕಾರ್ಯಕ್ರಮ ಇಟ್ಟಾಗ ಮೂವರೂ ಬೇರೆ ಬೇರೆ ತಂಡ ಕರೆಯಬೇಕಾಗಿಲ್ಲ. ಸಂಘಟಕರೇ ಒಂದು ಹಿಮ್ಮೇಳ ಗೊತ್ತು ಮಾಡಿ, ಮೂವರಿಗೂ ಅದರ ಜೊತೆ ಅಭ್ಯಾಸಕ್ಕೆ ಒಂದೊಂದು ದಿನ ಕೊಟ್ಟರೆ ಖರ್ಚು ಹಂಚಿಹೋಗುತ್ತದೆ. ನಟ್ಟುವಾಂಗ ಮಾತ್ರ ಅವರವರ ಗುರುಗಳದ್ದೇ ಇರಲಿ. ಯಕ್ಷಗಾನ ಮೇಳದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಒಂದೇ ಹಿಮ್ಮೇಳ, ಹಲವು ವೇಷ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ತಾಯಿ ಕೇಳಿದರು: ‘ಲೈವ್‌ನಲ್ಲಿ ಮಗು ಮಧ್ಯದಲ್ಲಿ ಮರೆತುಬಿಟ್ಟರೆ ಏನು ಗತಿ? ರೆಕಾರ್ಡಿಂಗ್ ಆದ್ರೆ ಧೈರ್ಯ ಇರುತ್ತೆ.’

ನನ್ನ ಪ್ರಕಾರ ಇದು ಉಲ್ಟಾ. ಮರೆತಾಗ ರೆಕಾರ್ಡಿಂಗ್ ಕಾಯುವುದಿಲ್ಲ, ಮುಂದೆ ಹೋಗುತ್ತದೆ, ಮಗು ಅದರ ಹಿಂದೆ ಓಡಬೇಕು. ಹಿಮ್ಮೇಳದವರು ಕಾಯುತ್ತಾರೆ. ಹಾಡುವವರು ಸಾಲನ್ನು ಇನ್ನೊಂದು ಸಲ ಹಾಡುತ್ತಾರೆ. ನಟ್ಟುವಾಂಗದವರು ಮುಂದಿನ ಜತಿಯ ಮೊದಲ ಅಕ್ಷರ ಬಾಯಲ್ಲಿ ಅಂದು ಎತ್ತಿ ಕೊಡುತ್ತಾರೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಮಗುವಿಗೆ ಹೇಳಿಕೊಡಬೇಕಾದ್ದು ಒಂದೇ, ಮರೆತಾಗ ನಿಲ್ಲಬೇಡ, ಸಾಲಿನ ಅರ್ಥಕ್ಕೆ ಹಸ್ತ ಹಿಡಿದುಕೊಂಡಿರು, ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಅಮೆರಿಕದಲ್ಲಿರುವ ಮೊಮ್ಮಗಳಿಗಾಗಿ ಒಬ್ಬ ಅಜ್ಜ ಕೇಳಿದರು, ಅಲ್ಲಿ ಹಿಮ್ಮೇಳ ಎಲ್ಲಿ ಸಿಗುತ್ತದೆ ಅಂತ. ಬೇಸಿಗೆಯಲ್ಲಿ ಇಲ್ಲಿಂದ, ಚೆನ್ನೈಯಿಂದ ಹಿಮ್ಮೇಳದವರು ಅಲ್ಲಿಗೆ ಹೋಗುತ್ತಾರೆ. ಒಂದರ ಹಿಂದೆ ಒಂದು ರಂಗಪ್ರವೇಶ ಮಾಡಿಸಿ ಬರುತ್ತಾರೆ. ಆದರೆ ಅದು ಆ ಒಂದು ದಿನಕ್ಕೆ. ವರ್ಷ ಪೂರ್ತಿ ಆಗಬೇಕಾದ್ದು ಬೇರೆ. ಆ ಊರಲ್ಲೇ ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಇರುತ್ತಾರಲ್ಲ, ಮೃದಂಗ ಕಲಿಯುವ ಹುಡುಗರೂ ಇರುತ್ತಾರೆ. ತಿಂಗಳಿಗೊಮ್ಮೆ ಅವರನ್ನು ಸೇರಿಸಿ ಒಂದು ಜತಿಸ್ವರ ಮಾಡಿಸಿ. ತಪ್ಪುತ್ತಾರೆ, ತಪ್ಪಲಿ. ಹದಿನೈದರ ಹುಡುಗಿ ಹದಿನೈದರ ಹುಡುಗನ ಮೃದಂಗ ಕೇಳಿಸಿಕೊಂಡು ಕಾಲು ಹಾಕಲು ಕಲಿತರೆ, ಮುಂದೆ ವಿದ್ವಾಂಸರ ಜೊತೆ ಕಷ್ಟ ಆಗುವುದಿಲ್ಲ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು. ಮುಂದಿನ ತಿಂಗಳು ಅವಳಿಗೆ ಮೊದಲ ಸಲ ಹಿಮ್ಮೇಳದ ಜೊತೆ ಅಭ್ಯಾಸ. ಹೇಗೆ ತಯಾರಾಗಲಿ ಅಂತ ಕೇಳಿದಳು.

ಮೊದಲ ದಿನ ಕುಣಿಯಬೇಡಮ್ಮ. ಚಾಪೆ ಹಾಸಿ ಎಲ್ಲರೂ ಕೂತುಕೊಳ್ಳಿ. ಯಾವ ಶ್ರುತಿ ಅಂತ ಮೊದಲು ಗೊತ್ತು ಮಾಡಿಕೊಳ್ಳಿ, ಹಾಡುವವರು ಐದು ಮನೆ ಶ್ರುತಿ ಅಂದರೆ ಮೃದಂಗವೂ ಅದಕ್ಕೆ ಸರಿಹೊಂದುವುದೇ ಬೇಕು. ನೀನು ತಾಳ ಹಾಕು, ಅವರು ಹಾಡಲಿ, ನಿನ್ನ ಗುರುಗಳು ಜತಿ ಹೇಳಲಿ. ಎಡುಪು ಎಲ್ಲಿ, ಅಂದರೆ ತಾಳದ ಯಾವ ಜಾಗದಲ್ಲಿ ಹಾಡು ಶುರುವಾಗುತ್ತದೆ, ಯಾವ ಸಾಲಿಗೆ ಯಾವ ಕತೆ 
ಅಂತ ಹಾಡುವವರಿಗೆ ಬಿಡಿಸಿ ಹೇಳು. ಇಲ್ಲಿ ದ್ರೌಪದಿ ಬರುತ್ತಾಳೆ ಅಂತ ಗೊತ್ತಿದ್ದರೆ ಅವರು ಆ ಸಾಲನ್ನು ಹಾಡುವುದೇ ಬೇರೆ ಥರ. ಮೃದಂಗದವರು ಜತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವರೆಗೆ ಕಾಯಬೇಕು, ಅವಸರ ಮಾಡಬಾರದು. ಸಂಚಾರಿಗೆ ಇಷ್ಟೇ ಸಲ ಅಂತ ಲೆಕ್ಕ ಕೊಡಬೇಡ, ನಾನು ಹೀಗೆ ವಾಪಸ್ ಬರುತ್ತೇನೆ ಅಂತ ತೋರಿಸು. ಎರಡನೇ ಸಲ ಸೇರಿದಾಗ ಕುಣಿ. ಆಗ ಅವರು ವೇದಿಕೆಯಲ್ಲಿ ಹೇಗೆ ಕೂರುತ್ತಾರೋ ಹಾಗೇ, ಅದೇ ಬದಿಗೆ, ಅದೇ ಸಾಲಿನಲ್ಲಿ ಕೂರಲಿ. ಹಾಡುವವರಿಗೂ ನಟ್ಟುವಾಂಗದವರಿಗೂ ನಿನ್ನ ಮುಖ ಕಾಣುತ್ತದಾ ಅಂತ ಬಾಯಿಬಿಟ್ಟು ಕೇಳು. ಕಾಣುವುದಿಲ್ಲ ಅಂದರೆ ಚಾಪೆಯನ್ನು ಒಂದು ಮೊಳ ಮುಂದಕ್ಕೆ ಎಳೆಸು.